ದ್ವೀಪದಲ್ಲಿ ಮೊಳೆತ ಬೂದು ಸಸಿ

"ಮುಷ್ಟಿ ಬಿಚ್ಚಿ."

"ಬಿಚ್ಚಲ್ಲ."

ಹಡಗಿನ ಡೆಕ್ಕಿನ ಮೇಲಿದ್ದವರೆಲ್ಲ ಮಾತು ನಿಲ್ಲಿಸಿ ಅತ್ತ ತಿರುಗಿದರು.

ಬೂಟು ಕಳಚಿ ಬರೀ ಕಾಲುಚೀಲದಲ್ಲಿ ನಿಂತಿದ್ದ ಆ ಎತ್ತರದ ಯುವಕ ಎಡಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದ. ಅವನೆದುರು ಕೈಚಾಚಿ ನಿಂತಿದ್ದವಳು ಝೋಲೆಕಾ. ಅವನ ಭುಜಕ್ಕೂ ಬಾರದ ಹುಡುಗಿ. ಆದರೆ ಗದ್ದ ಎತ್ತಿ ನಿಂತ ಠೀವಿ ನೋಡಿದರೆ ಇಡೀ ಹಡಗೇ ಅವಳಪ್ಪನದು ಅನ್ನಬೇಕು!

ಅವಳು ಮಾಡುತ್ತಿದ್ದದ್ದು ಅವಳ ಕೆಲಸ. ಕೇಪ್‌ಟೌನಿನಿಂದ ದಕ್ಷಿಣಕ್ಕೆ ದಿನಗಟ್ಟಲೆ ಸಾಗಿದರೆ ಸಿಗುವ ಆ ಚಳಿಗಾಳಿಯ ದ್ವೀಪಕ್ಕೆ ಇಳಿಯುವವರೆಲ್ಲ ಅವಳ ತಪಾಸಣೆ ದಾಟಲೇಬೇಕು. ಬೂಟಿನ ತಳ ತಿಕ್ಕಬೇಕು, ಜೇಬುಗಳನ್ನು ಒಳಮಗ್ಗುಲು ಹೊರಬರುವಂತೆ ತಿರುಗಿಸಬೇಕು, ಬಟ್ಟೆಗೆ ಅಂಟಿದ ಒಂದೊಂದು ನಾರನ್ನೂ ಚಿಮುಟದಿಂದ ಕೀಳಬೇಕು. ಹಿಂದೆಂದೋ ಹಡಗುಗಳಿಂದ ಇಳಿದುಹೋದ ಸುಂಡಿಲಿಗಳು ಇಂದು ಅಲ್ಲಿ ಆಲ್ಬಟ್ರಾಸ್ ಹಕ್ಕಿಯ ಮರಿಗಳನ್ನು ಜೀವಂತವಾಗಿ ತಿನ್ನುತ್ತಿವೆ. ಹೊರಗಿನದು ಇನ್ನೇನೂ, ಒಂದು ಬೀಜ ಕೂಡ, ಆ ಮಣ್ಣಿಗೆ ಬೀಳಬಾರದು.

"ನೋಡಿ, ನಿಮ್ಮಿಂದ ಎಲ್ರಿಗೂ ತಡ ಆಗ್ತಿದೆ."

ಅವನು ನಿಧಾನವಾಗಿ ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಒಣಗಿದ ಬೂದು ಎಲೆಗಳ ಚಿಕ್ಕ ಕಟ್ಟು.

ಇಂಪೆಫೊ!

ಝೋಲೆಕಾ ನೋಡಿದೊಡನೆ ಗುರುತಿಸಿದಳು. ಆ ಎಲೆಯ ಹೊಗೆ ಹಾಕಿ ಸತ್ತ ಹಿರಿಯರನ್ನು ಕರೆಯುವುದನ್ನು ಅವಳು ತನ್ನ ಮನೆಯಲ್ಲೇ ಎಷ್ಟು ಸಲ ನೋಡಿಲ್ಲ!

"ಸಿಸಿ, ನೀವೂ ನಮ್ಮ ಖೋಸಾ ಜನದವರೇ ಅಲ್ವಾ?" ಅಕ್ಕತಂಗಿಯನ್ನು ಕರೆಯುವಂತೆ 'ಸಿಸಿ' ಎಂದ ಅವನ ದನಿ ಈಗ ಕೆಳಗಿಳಿದಿತ್ತು. "ಇದೇನು ಅಂತ ನಿಮಗೆ ನಾನು ಹೇಳ್ಕೊಡ್ಬೇಕಾ? ನಮ್ಮಪ್ಪ ಇದೇ ನೀರಲ್ಲಿ ಹೋದ್ರು. ಮೀನಿನ ಹಡಗು ಮುಳುಗ್ತು. ಹೆಣಾನೂ ಸಿಗ್ಲಿಲ್ಲ. ಆ ದಂಡೇಲಿ ನಿಂತು ಒಂದೇ ಒಂದು ಸಲ ಹೊಗೆ ಹಾಕಿ, ಮನೆಗೆ ಬಾಪ್ಪಾ ಅಂತ ಕರೀಬೇಕು. ಅಷ್ಟೇ ಸಿಸಿ."

'ಕೊಟ್ಟುಬಿಡಲಾ...? ಯಾರಿಗೆ ಗೊತ್ತಾಗತ್ತೆ?' ಅವಳ ಕಣ್ಣು ತುಂಬಿ ಬಂತು. ಆದರೆ ಆ ಒಣ ಹೂಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಗಳಿರುತ್ತವೆ ಎಂದು ಅವಳಿಗೆ ಗೊತ್ತಿತ್ತು.

"ನಿಯಮ ಎಲ್ರಿಗೂ ಒಂದೇ. ಕ್ಷಮಿಸಿ."

ಅವಳು ಆ ಕಟ್ಟನ್ನು ಚೀಲಕ್ಕೆ ಹಾಕಿ ಅದರ ಬಾಯಿ ಮುಚ್ಚಿದಳು. ಅದು ಹಡಗಿನ ಕಸದ ಕುಲುಮೆಯಲ್ಲಿ ಸುಟ್ಟು ಹೋಗುತ್ತದೆ.

"ನಿಮ್ಮ ಕೈ ಒಂಚೂರೂ ನಡುಗ್ಲಿಲ್ವಲ್ಲ! ಶಹಭಾಷ್!" ಎಂದು ಅವನು ಬೂಟು ಎತ್ತಿಕೊಂಡು ಹೊರಟುಹೋದ.

ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತು. "ಬೇಗ ಬೇಗ! ಈಗ ಇಳೀದಿದ್ರೆ ಇವತ್ತು ಇಳಿದ ಹಾಗೇ!" ಎಂದು ತಂಡದ ಮುಖ್ಯಸ್ಥರು ಕೂಗಿದರು. ಬಿಳಿಗಡ್ಡದ ಅವರನ್ನು ಎಲ್ಲರೂ ಊಮ್ ಬೆರ್ಟಸ್ ಎಂದೇ ಕರೆಯುತ್ತಿದ್ದರು. ಊಮ್ ಅಂದರೆ ದೊಡ್ಡಪ್ಪ. ಝೋಲೆಕಾ ಅಮ್ಮ ಹೆಣೆದ ಉಣ್ಣೆ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಎಲ್ಲರಿಗಿಂತ ಕೊನೆಯವಳಾಗಿ ಓಡಿದಳು.

*

ಅವನ ಹೆಸರು ವುಯಾನಿ. ಹೌಟ್ ಬೇ ಬಂದರಿನ ಮೀನುಗಾರರ ಕೇರಿಯವನು. ದ್ವೀಪದಲ್ಲಿ ಆಲ್ಬಟ್ರಾಸ್ ಗೂಡುಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಇಲಿ, ಹುಳ, ಹೊರಗಿನ ಕಳೆ ಇವೆಲ್ಲ ಝೋಲೆಕಾಳ ಪಾಲಿಗೆ.

ವರ್ಷಕ್ಕೆ ಒಂದೇ ಹಡಗು. ಅದು ತಿರುಗಿ ಹೋಯಿತೆಂದರೆ ಮುಂದಿನ ಹಡಗು ಬರುವತನಕ ಅದೇ ಮುಖಗಳು, ಅದೇ ಊಟದ ಮೇಜು. ಮುನಿಸಿಕೊಂಡು ಎಲ್ಲಿಗೆ ಹೋಗುತ್ತೀರಿ? ಪೆಂಗ್ವಿನ್‌ಗಳ ಮನೆಗೆ?

"ಪೊಲೀಸಮ್ಮ, ಉಪ್ಪು ತಗೋಬಹುದಾ? ಇಲ್ಲಾ ಅದನ್ನೂ ಚಿಮುಟದಲ್ಲಿ ಹುಡುಕ್ತೀರಾ?" ಎನ್ನುತ್ತಿದ್ದ ಅವನು.

"ಮೊದ್ಲು ನಿಮ್ಮ ನಾಲಿಗೇನ ಹುಡುಕ್ತೀನಿ. ಅದರಲ್ಲಿ ಮುಳ್ಳಿದೆ ಅನ್ಸತ್ತೆ!"

ಮೇಜಿನವರೆಲ್ಲ ಗೊಳ್ಳೆಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ಅವಳಿಗೆ ಮಾತ್ರ ಆ ನಗುವಿನ ಹಿಂದಿನ ನೋವು ಕಾಣುತ್ತಿತ್ತು.

ಚಳಿಗಾಲ ಬಂತು. ತಂದೆತಾಯಿ ಹಕ್ಕಿಗಳು ಆಹಾರಕ್ಕೆಂದು ಕಡಲಿಗೆ ಹೋದವು. ಗೂಡುಗಳಲ್ಲಿ ಮರಿಗಳಷ್ಟೇ ಉಳಿದವು.

ಒಂದು ಬೆಳಿಗ್ಗೆ ಝೋಲೆಕಾ ದಿಬ್ಬ ಹತ್ತಿ ಹೋದಾಗ ವುಯಾನಿ ಒಂದು ಗೂಡಿನ ಎದುರು ಹಸಿ ನೆಲದ ಮೇಲೇ ಕೂತಿದ್ದ. ಹತ್ತಿಯುಂಡೆಯಂಥ ದೊಡ್ಡ ಮರಿ. ಅದರ ಬೆನ್ನು ರಕ್ತದಲ್ಲಿ ಒದ್ದೆಯಾಗಿತ್ತು. ರಾತ್ರಿ ಇಲಿಗಳು ಬಂದು ಹೋಗಿದ್ದವು. ಮರಿ ಕೂತಲ್ಲೇ ಕೂತಿತ್ತು.

"ಇದು ಯಾಕೆ ಕೊಕ್ಕಿನಿಂದ ಕುಕ್ಕಲ್ಲ? ಒಂದೇ ಏಟು ಸಾಕಲ್ವಾ?" ಅವನು ಕೇಳಿದ.

"ಇಲಿ ಅಂದ್ರೇನು ಅಂತಾನೇ ಇದಕ್ಕೆ ಗೊತ್ತಿಲ್ಲ ವುಯಾನಿ. ಇದರ ವಂಶದಲ್ಲೇ ಯಾರೂ ಶತ್ರು ಕಂಡಿಲ್ಲ. ಹೆದರೋದನ್ನ ಯಾರು ಕಲಿಸ್ಬೇಕು?"

"ಎತ್ಕೊಂಡು ಹೋಗ್ಲಾ?"

ಮುಟ್ಟುವಂತಿಲ್ಲ ಎಂಬುದು ಇಬ್ಬರಿಗೂ ಗೊತ್ತಿದ್ದ ನಿಯಮ. ಮುಟ್ಟಿದರೂ ಅದು ಬದುಕುವಂತಿರಲಿಲ್ಲ. ಅವಳು ಅವನ ಪಕ್ಕ ಕೂತಳು. ಮರಿಯ ಕತ್ತು ಸೋತು ವಾಲುವವರೆಗೂ ಇಬ್ಬರೂ ಏಳಲಿಲ್ಲ. ಆಮೇಲೆ ತಾಯಿಹಕ್ಕಿ ಕಡಲಿನಿಂದ ಬಂದಿಳಿಯಿತು. ಗಂಟಲ ತುಂಬ ಊಟ ತಂದಿತ್ತು. ಮರಿಯ ಕೊಕ್ಕನ್ನು ತಟ್ಟಿತು... ಮತ್ತೆ ತಟ್ಟಿತು...

ವುಯಾನಿ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತುಬಿಟ್ಟ. ಝೋಲೆಕಾ ಅವನ ಕೈ ಹಿಡಿದಳು.

"ನಿನ್ನ ಕೈ ನಡುಗ್ತಿದೆ," ಎಂದ ಅವನು.

"ಅವತ್ತೂ ನಡುಗ್ತಿತ್ತು. ನೀನು ನೋಡ್ಲಿಲ್ಲ."

'ನೀವು' ಹೋಗಿ 'ನೀನು' ಬಂದದ್ದು ಇಬ್ಬರ ಗಮನಕ್ಕೂ ಬರಲಿಲ್ಲ. ಪ್ರೀತಿ ಹಾಗೇ ಅಲ್ಲವೇ? ಬಾಗಿಲು ತಟ್ಟಿ ಬರುವ ಸಭ್ಯತೆ ಅದಕ್ಕೆಲ್ಲಿದೆ!

*

ವಸಂತದಲ್ಲಿ ವುಯಾನಿಯ ಅಪ್ಪ ಸತ್ತ ದಿನ ಬಂತು. ಆಗ ಇಬ್ಬರೂ ದ್ವೀಪದ ಆಚೆ ಬದಿಯಲ್ಲಿ, ಕಡಲ ಬಂಡೆಗಳ ಹತ್ತಿರದ ಮರದ ಗುಡಿಸಲಿನಲ್ಲಿ ಕೆಲಸಕ್ಕೆಂದು ತಂಗಿದ್ದರು. ಮಳೆಯಲ್ಲಿ ತೊಯ್ದ ಬಟ್ಟೆ, ಟೋಪಿಗಳನ್ನೆಲ್ಲ ಬಾಗಿಲ ಹೊರಗೆ ಕೊಡವಿ ಒಣಹಾಕುವುದೇ ಅವಳಿಗೆ ದೊಡ್ಡ ಕೆಲಸವಾಗಿತ್ತು.

"ನಾನೂ ಬರ್ಲಾ ದಂಡೆಗೆ?"

"ಬೇಡ ಝೋಲೆಕಾ. ಇವತ್ತು ನಾನೊಬ್ಬನೇ ಹೋಗ್ಬೇಕು."

"ಯಾಕೆ?"

"ಆಮೇಲೆ ಹೇಳ್ತೀನಿ. ಈಗ ಕೇಳ್ಬೇಡ."

ಅವನು ಬಹಳ ಹೊತ್ತಾದ ಮೇಲೆ ಬಂದ. ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ಹಗುರವಾಗಿತ್ತು.

"ಅಪ್ಪನ ಹತ್ರ ಮಾತಾಡಿ ಬಂದೆ," ಎಂದನಷ್ಟೇ.

'ಇಂಪೆಫೊ ಇಲ್ದೆ ಹ್ಯಾಗೆ ಮಾತಾಡ್ದ?' ಎಂಬ ಅನುಮಾನ ಅವಳೊಳಗೆ ಒಮ್ಮೆ ಸುಳಿಯಿತು. ಥೂ, ಏನು ಯೋಚನೆ ನನ್ನದು ಎಂದು ಅದನ್ನು ಅಲ್ಲೇ ಅದುಮಿಟ್ಟಳು.

ಬೇಸಿಗೆಯಲ್ಲಿ ಅವಳು ಅದೇ ಗುಡಿಸಲಿಗೆ ಒಬ್ಬಳೇ ಕಳೆ ನೋಡಲು ಬಂದಳು. ಬಾಗಿಲ ಪಕ್ಕದ ಪಾಚಿಯ ನಡುವೆ ಪುಟ್ಟ ಸಸಿಗಳು ಎದ್ದಿದ್ದವು. ಬೂದು ಬಣ್ಣ. ಮುಟ್ಟಿದರೆ ನವಿರಾದ ರೋಮದಂಥ ಎಲೆ...

ಇಂಪೆಫೊ ಅಲ್ಲದೆ ಇನ್ನೇನು!

'ಬಚ್ಚಿಟ್ಕೊಂಡು ತಂದಿದಾನೆ! ಅದಕ್ಕೇ ನನ್ನ ಬರ್ಬೇಡ ಅಂದ! ಆ ಮರಿ ಮುಂದೆ ಕೂತು ಅತ್ತವನು ಇದನ್ನ ಹ್ಯಾಗೆ ಮಾಡ್ದ? ನನ್ನ ಕಣ್ಣಿಗೇ ಮಣ್ಣೆರಚಿದ್ನಲ್ಲ!'

ಅಯ್ಯೋ ಹುಡುಗಿ, ಒಂದು ಮಾತು ಕೇಳಬಾರದಿತ್ತೇ? ಅವನು ಅರ್ಧ ದಿನದ ನಡಿಗೆಯಷ್ಟು ದೂರದಲ್ಲಿದ್ದ. ಆದರೆ ಕೋಪದ ಕಿವಿಗೆ ಯಾರ ಮಾತು ಬಿದ್ದೀತು! ಅವಳು ಸಸಿಗಳನ್ನು ಬೇರುಸಹಿತ ಕಿತ್ತು ಚೀಲಕ್ಕೆ ಹಾಕಿ, ಗುಡಿಸಲಿನ ರೇಡಿಯೋ ಎತ್ತಿಕೊಂಡು ಊಮ್ ಬೆರ್ಟಸ್‌ಗೆ ಎಲ್ಲವನ್ನೂ ಹೇಳಿಬಿಟ್ಟಳು. ಹಡಗಿನ ಮೇಲಿನ ಕಟ್ಟಿನ ಕಥೆ, ಅಪ್ಪನ ದಿನದ ಕಥೆ, ಎಲ್ಲ.

ಎಲ್ಲರೆದುರು ವಿಚಾರಣೆಯಾಯಿತು.

"ನಾನು ತಂದಿಲ್ಲ," ಎಂದ ವುಯಾನಿ.

"ಹಾಗಾದ್ರೆ ಅವತ್ತು ದಂಡೇಲಿ ಒಬ್ಬನೇ ಏನು ಮಾಡ್ದೆ?" ಝೋಲೆಕಾ ಕಿರುಚಿದಳು.

ಅವನು ಅವಳನ್ನೇ ದಿಟ್ಟಿಸಿದ.

"ಅದನ್ನ ನಿನಗೆ ಹೇಳೋಣ ಅಂತಿದ್ದೆ. ಇಷ್ಟು ಜನರ ಮುಂದೆ ಹೇಳೋ ಮಾತಲ್ಲ ಅದು. ನೀವು ಮೊದ್ಲು ನನ್ನನ್ನ ಕೇಳಿದ್ರೆ ಸಾಕಿತ್ತು."

ಆ ಒಂದು 'ನೀವು' ಅವಳಿಗೆ ಕಪಾಳಕ್ಕೆ ಹೊಡೆದಂತೆ ತಾಗಿತು.

ಅವನನ್ನು ಗೂಡುಗಳ ಕೆಲಸದಿಂದ ತೆಗೆದರು. ಹಡಗು ಬರುವವರೆಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆದ, ಡೀಸೆಲ್ ಪೀಪಾಯಿ ಉರುಳಿಸಿದ. ಅದೇ ಮೇಜಿಗೆ ಬಂದು ಅವಳೆದುರೇ ಉಂಡು ಎದ್ದುಹೋಗುತ್ತಿದ್ದ. ಉಪ್ಪು ಬೇಕಾದರೆ ಪಕ್ಕದವನನ್ನು ಕೇಳುತ್ತಿದ್ದ. ಕಿಟಕಿಯಾಚೆ ಅವನು ಕಾಪಾಡಿದ್ದ ಮರಿಗಳು ರೆಕ್ಕೆ ಬಲಿತು ಹಾರಲು ಕಲಿತವು. ಅವನಿಗೆ ಹೋಗಿ ನೋಡುವ ಅನುಮತಿಯೂ ಇರಲಿಲ್ಲ.

ಹಡಗು ಬಂತು. ಇನ್ನೆಂದೂ ದ್ವೀಪಕ್ಕೆ ಕಾಲಿಡಬಾರದೆಂಬ ಆದೇಶ ಹೊತ್ತು ಅವನು ಹತ್ತಿದ. ಅದೇ ಹಡಗಿನಲ್ಲಿ ಝೋಲೆಕಾಳೂ ಮರಳಿದಳು. ದಾರಿಯುದ್ದಕ್ಕೂ ಅವನು ಅವಳ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ.

*

ತಿಂಗಳುಗಳು ಕಳೆದವು. ಕೇಪ್‌ಟೌನಿನ ಕಚೇರಿಯಲ್ಲಿ ಊಮ್ ಬೆರ್ಟಸ್ ಅವಳ ಬೆನ್ನು ತಟ್ಟಿದರು.

"ದ್ವೀಪದ ಇಲಿ ನಿರ್ಮೂಲನಕ್ಕೆ ಹೋಗೋ ಹೊಸ ತಂಡಕ್ಕೆ ನೀನೇ ಮುಖ್ಯಸ್ಥೆ ಕಣಮ್ಮ! ಎಲ್ರೂ ಒಪ್ಪಿದಾರೆ."

ಅವಳು ಕಾಲೇಜಿನಿಂದ ಕಂಡ ಕನಸು ಅದು. ನಗಬೇಕೆಂದುಕೊಂಡಳು. ನಗು ತುಟಿಯವರೆಗೂ ಬರಲಿಲ್ಲ.

ಅದೇ ವಾರ ಪ್ರಯೋಗಾಲಯದಿಂದ ಗೆಳತಿ ಅನೀಕ ಫೋನ್ ಮಾಡಿದಳು. ದ್ವೀಪದಿಂದ ತಂದ ಆ ಸಸಿಗಳು ಇಷ್ಟು ದಿನ ಅವಳ ಬಳಿ ಪರೀಕ್ಷೆಯ ಸರದಿಗಾಗಿ ಕಾದಿದ್ದವು.

"ನಿನ್ನ ಸಸಿ ಇಂಪೆಫೊ ಅಲ್ಲ ಕಣೇ. ನೋಡೋಕೆ ಅದೇ ಥರ, ಆದ್ರೆ ಬೇರೆ ಕಳೆ. ಕುರಿದೊಡ್ಡಿ ಸುತ್ತ ಬೆಳೆಯತ್ತಲ್ಲ, ಅದು. ಬೀಜಕ್ಕೆ ನೂಲಿನಂಥ ಎಳೆ ಇರತ್ತೆ. ಉಣ್ಣೆಗೆ ಅಂಟ್ತು ಅಂದ್ರೆ ಏನು ಮಾಡಿದ್ರೂ ಬಿಡಲ್ಲ."

"ಕುರಿದೊಡ್ಡಿ...?"

ವುಯಾನಿ ಕಡಲ ದಂಡೆಯವನು. ಅವನ ಕೇರಿಯಲ್ಲಿ ಕುರಿ ಎಲ್ಲಿಂದ ಬರಬೇಕು?

ಅವಳು ಫೋನ್ ಇಟ್ಟವಳೇ ಮನೆಗೆ ಓಡಿದಳು. ಕಪಾಟಿನಿಂದ ಉಣ್ಣೆ ಟೋಪಿ ತೆಗೆದು ಅದರ ಅಂಚಿನ ಮಡಿಕೆ ಬಿಚ್ಚಿದಳು. ದೀಪದ ಕೆಳಗೆ ಹಿಡಿದು ಚಿಮುಟದಿಂದ ಒಂದು ಎಳೆ ಕಿತ್ತಳು. ಅದರ ತುದಿಯಲ್ಲಿ ಧೂಳಿನ ಕಣದಂಥ ಬೀಜ. ಪಕ್ಕದಲ್ಲೇ ಇನ್ನೊಂದು. ಮತ್ತೊಂದು...

ಕೂಡಲೇ ಅಮ್ಮನಿಗೆ ಫೋನ್ ಮಾಡಿದಳು. ಅಮ್ಮ ಇದ್ದದ್ದು ಕಾಲಾ ಎಂಬ ಬೆಟ್ಟದೂರಿನಲ್ಲಿ.

"ಅಮ್ಮಾ, ನನ್ನ ಟೋಪಿಗೆ ಉಣ್ಣೆ ಎಲ್ಲಿಂದು?"

"ಎಲ್ಲಿಂದು ಅಂದ್ರೆ? ನಮ್ಮ ಕುರಿದೇ! ಬಿಸಿಲಿತ್ತು ಅಂತ ದೊಡ್ಡಿ ಬಾಗಿಲಲ್ಲೇ ಕೂತು ನೂತೆ. ಯಾಕೆ, ಚುಚ್ಚತ್ತಾ?"

"ಇಲ್ಲಮ್ಮ... ಬೆಚ್ಚಗಿದೆ."

"ಯಾಕೆ ಮಗಳೇ ಅಳ್ತಿದ್ದೀಯ? ಝೋಲಿ? ಮಾತಾಡೇ!"

ಎಲ್ಲರ ಜೇಬು ತಡಕಿದವಳ ಟೋಪಿಯನ್ನು ಯಾರು ತಡಕಿದ್ದರು? ಯಾರೂ ಇಲ್ಲ. ಗಾಳಿ ಬದಲಾಯಿತು, ಅವಸರವಾಯಿತು, ತಪಾಸಣೆಯವಳನ್ನೇ ತಪಾಸಣೆ ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವಳಿಗೂ ಹೊಳೆಯಲಿಲ್ಲ. ಗುಡಿಸಲ ಬಾಗಿಲಲ್ಲಿ ಆ ಟೋಪಿಯನ್ನು ಕೊಡವಿದ್ದು ಅವಳದೇ ಕೈ.

ಒಲೆ ಪಕ್ಕದಲ್ಲೇ ಇತ್ತು. ಟೋಪಿಯನ್ನು ಅದಕ್ಕೆ ಹಾಕಿದ್ದರೆ ಕಥೆ ಮುಗಿಯುತ್ತಿತ್ತು. ಕುರಿದೊಡ್ಡಿಗೂ ಅವಳಿಗೂ ಇರುವ ನಂಟು ಅನೀಕಳಿಗೆ ಹೊಳೆದಿರಲಿಲ್ಲ. ಮುಖ್ಯಸ್ಥೆಯಾಗಿ ಅವಳು ದ್ವೀಪಕ್ಕೆ ಹೋಗಬಹುದಿತ್ತು.

ಅವಳು ಸುಳ್ಳು ಹೇಳಲಾರದ ದೇವತೆಯೇನೂ ಅಲ್ಲ. ಟೋಪಿ ಹಿಡಿದು ಒಲೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಕೊನೆಗೆ ಅದನ್ನು ಚೀಲಕ್ಕೆ ಹಾಕಿ ಚೀಲದ ಬಾಯಿ ಬಿಗಿದು ಕಚೇರಿಗೆ ನಡೆದಳು.

"ಹುಚ್ಚು ಹುಡುಗಿ!" ಊಮ್ ಬೆರ್ಟಸ್ ತಲೆ ಮೇಲೆ ಕೈಹೊತ್ತು ಕೂತರು. "ನೀನು ಬಾಯಿ ಬಿಡದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ಅವನಿಗೆ ಗೊತ್ತಿತ್ತು ಊಮ್ ಬೆರ್ಟಸ್. ತಾನು ತಂದಿಲ್ಲ ಅಂತ ಅವನಿಗೆ ಗೊತ್ತಿತ್ತಲ್ಲ. ಅವನು ಅಷ್ಟು ದಿನ ಒಬ್ಬನೇ ಅದನ್ನ ಹೊತ್ಕೊಂಡು ನಮ್ಮ ಪಾತ್ರೆ ತೊಳೆದ."

ವುಯಾನಿಯ ಮೇಲಿನ ಆದೇಶ ರದ್ದಾಯಿತು. ಅದೇ ಆದೇಶ ಝೋಲೆಕಾಳ ಹೆಸರಿಗೆ ಬಂತು. ಇನ್ನೆಂದೂ ದ್ವೀಪವಿಲ್ಲ. ಅವಳು ಒಂದು ಮಾತೂ ಎದುರಾಡಲಿಲ್ಲ.

*

ಹೌಟ್ ಬೇ ಬಂದರಿನಲ್ಲಿ ವುಯಾನಿ ಮಂಡಿಯವರೆಗಿನ ರಬ್ಬರ್ ಬೂಟಿನಲ್ಲಿ ನಿಂತು ಸ್ನೂಕ್ ಮೀನು ಸೀಳುತ್ತಿದ್ದ. ಪಕ್ಕದಲ್ಲಿ ಅವನ ತಾಯಿ ಗಿರಾಕಿಗಳ ಜೊತೆ ಚೌಕಾಸಿಗಿಳಿದಿದ್ದಳು. ಝೋಲೆಕಾ ಎಲ್ಲವನ್ನೂ ಹೇಳಿದಳು. ಟೋಪಿ, ಬೀಜ, ಅಮ್ಮನ ದೊಡ್ಡಿ... ಅವನ ಚಾಕು ಒಂದು ಕ್ಷಣ ನಿಂತು ಮತ್ತೆ ಚಲಿಸಿತು.

"ಹೇಳಿದ್ದಾಯ್ತಾ?"

"ಆಯ್ತು."

"ಸರಿ. ಹೋಗ್ಬನ್ನಿ."

ಅಷ್ಟೇ! ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನ ತಾಯಿ ಮಾತ್ರ ಮೀನಿನ ತುಂಡೊಂದನ್ನು ಕಾಗದದಲ್ಲಿ ಸುತ್ತಿ ಅವಳ ಕೈಗಿತ್ತಳು. "ತಗೋ ಮಗಳೇ. ಇವನು ಅವರಪ್ಪನ ಥರಾನೇ. ಕೋಪ ಇಳಿಯೋಕೆ ಸಮುದ್ರ ಇಳಿದಷ್ಟು ಹೊತ್ತು ಬೇಕು." ಬಸ್ಸಿನಲ್ಲಿ ಕೂತು ಆ ಪೊಟ್ಟಣವನ್ನು ಎದೆಗವಚಿಕೊಂಡು ಅವಳು ದಾರಿಯುದ್ದಕ್ಕೂ ಅತ್ತಳು.

ದ್ವೀಪಕ್ಕೆ ಹೋಗುವ ಹೊಸ ತಂಡದಲ್ಲಿ ವುಯಾನಿಯನ್ನೂ ಸೇರಿಸಿಕೊಂಡಿದ್ದರು. ಹಡಗು ಹೊರಡುವ ದಿನ ಹೋಗಬಾರದೆಂದೇ ಝೋಲೆಕಾ ನಿಶ್ಚಯಿಸಿದ್ದಳು. ಕಾಲು ಕೇಳಲಿಲ್ಲ. ಬಂದರಿನಲ್ಲಿ ಕಳುಹಿಸಿಕೊಡಲು ಬಂದವರ ಗುಂಪಿನ ಹಿಂದೆ, ಹಗ್ಗದ ರಾಶಿಯ ಪಕ್ಕ ನಿಂತಳು. ಮೇಲೆ ಹೊಸ ತಂಡದವರು ಕೈ ಬೀಸುತ್ತಿದ್ದರು. ತಾನಿರಬೇಕಾಗಿದ್ದ ಜಾಗ ಅದು. ಅವನಾದರೂ ಅಲ್ಲಿದ್ದಾನೆಂಬ ಸಮಾಧಾನವಿತ್ತು.

"ಇಲ್ಲಿ ಬಚ್ಚಿಟ್ಕೊಂಡು ಏನು ಮಾಡ್ತಿದ್ದೀಯ?"

ಬೆಚ್ಚಿ ತಿರುಗಿದಳು. ವುಯಾನಿ! ಮೆಟ್ಟಿಲಿಳಿದು ಬಂದಿದ್ದ. ಏದುಸಿರು ಬಿಡುತ್ತಿದ್ದ.

'ಮಾಡ್ತಿದ್ದೀಯ' ಅಂದನಲ್ಲ... ಮತ್ತೆ 'ನೀನು'!

"ಹಡಗು ಹೊರಡತ್ತೆ. ಹೋಗು."

"ಇನ್ನೂ ಸ್ವಲ್ಪ ಹೊತ್ತಿದೆ. ನೋಡು ಝೋಲೆಕಾ, ನನ್ನ ಕೋಪ ಪೂರ್ತಿ ಹೋಗಿಲ್ಲ. ಸುಳ್ಳು ಯಾಕೆ ಹೇಳ್ಲಿ? ಬೆಳಿಗ್ಗೆ ಎದ್ರೆ ಇರತ್ತೆ."

"ಇರ್ಲಿ. ಅದು ನನ್ನ ಪಾಲಿಂದೇ."

"ನಿನ್ನ ಕನಸು ಇದು. ನಾನು ಹೋಗೋ ಹಾಗಾಯ್ತು, ನೀನು ಇಲ್ಲೇ ನಿಂತೆ. ಇದೂ ನನಗೆ ಇಷ್ಟ ಇಲ್ಲ."

"ಮರಿಗಳಿಗೆ ಯಾರು ಬಂದ್ರೂ ಒಂದೇ. ಹೋಗಿ ಅವನ್ನ ನೋಡ್ಕೋ, ಅಷ್ಟು ಸಾಕು ನನಗೆ."

ಹಡಗು ಒಮ್ಮೆ ಕೂಗಿತು. ಇಬ್ಬರೂ ಅಲ್ಲಾಡಲಿಲ್ಲ.

"ವುಯಾನಿ... ಒಂದು ಮಾತು ಕೇಳ್ಲಾ? ಅವತ್ತೇ ಕೇಳ್ಬೇಕಿತ್ತು. ಕೇಳ್ಲಿಲ್ಲ."

"ಕೇಳು."

"ಅವತ್ತು ನನ್ನ ಯಾಕೆ ಬರ್ಬೇಡ ಅಂದೆ? ಅಪ್ಪನಿಗೆ ಏನು ಹೇಳ್ದೆ?"

ಅವನು ಕಡಲ ಕಡೆ ನೋಡಿದ. ಹೇಳಲೋ ಬೇಡವೋ ಎಂದು ತೂಗುವಂತಿತ್ತು.

"ಎಲೆ ಇರ್ಲಿಲ್ಲ. ಬರೀ ಬಾಯಲ್ಲೇ ಕರೆದೆ. 'ಅಪ್ಪಾ, ಇಲ್ಲೊಬ್ಳು ಸಿಕ್ಕಿದಾಳೆ. ಭಾರೀ ಜಗಳಗಂಟಿ. ನಿನ್ನ ಸೊಸೆ ಮಾಡ್ಕೊಂಡು ಬರ್ತೀನಿ. ನೀನು ಮುಂದೆ ಹೋಗಿ ಮನೇಲಿರು,' ಅಂತ ಹೇಳ್ದೆ."

ಝೋಲೆಕಾ ಬಾಯಿಗೆ ಕೈ ಅಡ್ಡ ಹಿಡಿದಳು.

"ಮದುವೆ ಮಾತು ಆಗದೆ ಹುಡುಗೀನ ಹಿರಿಯರ ಮುಂದೆ ನಿಲ್ಲಿಸ್ತಾರಾ ನಮ್ಮಲ್ಲಿ? ನೀನೂ ಖೋಸಾ ಹುಡುಗಿ, ನಿನಗಿದು ಹೊಳೆಯತ್ತೆ ಅಂದ್ಕೊಂಡಿದ್ದೆ."

"ಹೊಳೀಲಿಲ್ಲ..." ಅವಳು ಬಿಕ್ಕಿದಳು. "ನೀನು ನನ್ನ ಮನೆ ತುಂಬಿಸ್ಕೊಳ್ಳೋ ಮಾತಾಡೋಕೆ ಹೋಗಿದ್ದೆ. ನಾನು ಅದನ್ನೇ ಕಳ್ಳತನ ಅಂತ ಎಲ್ರಿಗೂ ಹೇಳ್ದೆ. ಎಂಥ ಕೆಲಸ ಮಾಡ್ಬಿಟ್ಟೆ ವುಯಾನಿ!"

ಅವನು ಅವಳ ಕೆನ್ನೆಯ ಮೇಲಿನ ನೀರನ್ನು ಹೆಬ್ಬೆರಳಿನಿಂದ ಒರೆಸಿದ. ಮೀನಿನ ಕೆಲಸಕ್ಕೆ ಒರಟಾಗಿದ್ದ ಬೆರಳು.

"ಈ ವರ್ಷ ಪೂರ್ತಿ ನನ್ನ ಬೈಕೊಂಡಿರು," ಎಂದಳು ಅವಳು. "ಆದ್ರೆ ತಿರುಗಿ ಬಾ."

"ಬರ್ತೀನಿ. ನಿಮ್ಮ ಚಿಕ್ಕಪ್ಪಂದಿರಿಗೆ ಹೇಳಿಡು, ಹೆಣ್ಣು ಕೇಳೋಕೆ ನಮ್ಮ ಕಡೆಯಿಂದ ಜನ ಬರ್ತಾರೆ ಅಂತ."

"ನನ್ನ ಮೇಲೆ ಕೋಪ ಇದೆ ಅಂದೆ?"

"ಇದೆ. ಕೋಪ ಮಾಡ್ಕೊಳ್ಳೋಕೆ ಮನೇಲಿ ಜನ ಬೇಡ್ವಾ?"

ಹಡಗು ಮತ್ತೆ ಕೂಗಿತು. ಅವಳು ಎರಡೂ ಕೈಯಿಂದ ಅವನನ್ನು ಮೆಟ್ಟಿಲ ಕಡೆ ನೂಕಿದಳು.

"ಹೋಗು ಮಾರಾಯಾ, ಬಿಟ್ಟು ಹೋಗ್ತಾರೆ!"

"ಕಾಯ್ತೀಯಾ?"

"ಕಾಯ್ತೀನಿ," ಎಂದಳು ಝೋಲೆಕಾ, ಅಳುತ್ತಲೇ.